ಹಾಡಿನಲ್ಲಿ ಮಾಡಿದ ನಿವೇದನೆ

(ಶತಮಾನೋತ್ಸವದ ಅಂಗವಾಗಿ ಜರುಗಿದ ಯುವಜನ ಸಮಾವೇಶದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಸ್ವಾಗತ ಸಮಿತಿಯವರು ನಮಗೆ ಗೊತ್ತುಮಾಡಿದ ವಿಷಯ 'ಯುವಜನರು ಮತ್ತು ಭಕ್ತಿಗೀತೆ' ಎಂಬುದು. ಈ ವಿಷಯದ ಮೇಲೆ ಆಡಬಹುದಾದ ಮಾತುಗಳನ್ನು ನೀವು ಈ ದೇವಾಲಯದ ಪ್ರಸಂಗಪೀಠದಿಂದ ಅನೇಕ ಸಲ ಕೇಳಿರುವಿರಿ. ಅವನ್ನೇ ಮತ್ತೊಮ್ಮೆ ಒಪ್ಪಿಸುವ ಬದಲು ಒಬ್ಬನೇ ಒಬ್ಬ ಗಾಯಕರ ಬಾಳನ್ನೂ ಅವರ ಹಾಡುಗಳನ್ನೂ ನಿಮ್ಮ ಮುಂದಿಡಬೇಕೆಂದು ನಾವು ನಿಶ್ಚಯಿಸಿದ್ದೇವೆ. ಅವರು ಕನ್ನಡಿಗರಲ್ಲ, ಕಥೋಲಿಕರೂ ಅಲ್ಲ, ನಮ್ಮ ರಂಗಂಪೇಟೆಯ ಹೆಸರನ್ನು ಕೇಳಿದವರಂತೂ ಅಲ್ಲವೇ ಅಲ್ಲ. ಆದರೂ ನಮ್ಮ ಗಾನವೃಂದದ ತರುಣರು ಅವರ ಹಾಡುಗಳನ್ನು ಮೊಬೈಲಿನಲ್ಲಿ ಕೇಳುತ್ತಾರೆ. ಹಿರಿಯರು 'ಇದೆಂಥ ಯಂತ್ರದ ಗದ್ದಲ' ಎಂದು ಗೊಣಗುತ್ತಾರೆ. ಎರಡು ಪಕ್ಷದವರೂ ನಮ್ಮಲ್ಲಿಗೆ ಬಂದು ದೂರಿಕೊಂಡ ಮೇಲೆ ನಾವೂ ಕುಳಿತು ಕೇಳಿದೆವು. ಕೇಳಿದ ಮೇಲೆ ಸುಮ್ಮನಿರುವುದು ಸಾಧ್ಯವಾಗಲಿಲ್ಲ.

ಅವರ ಹೆಸರು ಸೂಫ್ಯಾನ್ ಸ್ಟೀವನ್ಸ್. ಹೆಸರು ಕೇಳಿದೊಡನೆ ನಮ್ಮ ಸುರಪುರದವರಿಗೆ ನೆರೆಮನೆಯ ಮುಸ್ಲಿಮ್ ಹುಡುಗನೊಬ್ಬನ ನೆನಪಾದರೆ ಅದು ಸಹಜವೇ. ಇದು ಅರಬ್ಬೀ ಹೆಸರು. ಇವರ ತಂದೆತಾಯಿಗಳು ಆ ಕಾಲದಲ್ಲಿ 'ಸುಬುದ್' ಎಂಬ ಆಧ್ಯಾತ್ಮಿಕ ಪಂಥಕ್ಕೆ ಸೇರಿದ್ದರು. ಜಾವಾ ದ್ವೀಪದಲ್ಲಿ ಹುಟ್ಟಿ ಲೋಕದ ನಾನಾ ಕಡೆ ಹರಡಿದ ಪಂಥವದು. ಅದರ ಸ್ಥಾಪಕರೇ ಮಗುವಿಗೆ ಈ ಹೆಸರನ್ನು ಸೂಚಿಸಿದರು. ಹೀಗೆ ಅಮೆರಿಕದಲ್ಲಿ ಹುಟ್ಟಿದ ಮಗುವೊಂದು ಇಂಡೊನೇಷ್ಯದ ಗುರುವಿನಿಂದ ಅರಬ್ಬೀ ಹೆಸರು ಪಡೆದು, ಮುಂದೆ ಕ್ರೈಸ್ತ ವಿಶ್ವಾಸವನ್ನು ತನ್ನದಾಗಿಸಿಕೊಂಡು ಬೆಳೆಯಿತು. ಬಾಲ್ಯದಲ್ಲಿ ಈಜು ಕಲಿಸುತ್ತಿದ್ದವರೊಬ್ಬರಿಗೆ ಈ ಹೆಸರು ನಾಲಿಗೆಗೆ ಹತ್ತದೆ, ಒಂದು ಮೋಟಾರು ಕಾರಿನ ಹೆಸರಿನಿಂದ ತನ್ನನ್ನು ಕರೆಯುತ್ತಿದ್ದರೆಂದು ಅವರೇ ಒಂದು ಹಾಡಿನಲ್ಲಿ ಹೇಳಿಕೊಂಡಿದ್ದಾರೆ. ಜ್ಞಾನಸ್ನಾನದ ಹೆಸರನ್ನು ಶಾಲೆಯ ಹಾಜರಿಪುಸ್ತಕದಲ್ಲಿ ತಪ್ಪುತಪ್ಪಾಗಿ ಬರೆಸಿಕೊಂಡ ನಮ್ಮ ಮಕ್ಕಳಿಗೆ ಈ ಸಂಕಟ ಹೊಸದಲ್ಲ.

ಅವರು ಹುಟ್ಟಿದ್ದು 1975ರ ಜುಲೈ 1ರಂದು, ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರದಲ್ಲಿ. ಅದು ಮೋಟಾರು ಕಾರ್ಖಾನೆಗಳ ಊರು. ಬಾಲ್ಯದಲ್ಲಿಯೇ ಕುಟುಂಬ ಆ ರಾಜ್ಯದ ಉತ್ತರದ ಸಣ್ಣ ಊರುಗಳ ಕಡೆಗೆ ಹೋಗಿ ನೆಲಸಿತು. ಹುಡುಗ ಶಾಲೆಯಲ್ಲಿ ಕಲಿತ ವಾದ್ಯ ಓಬೋ. ನಮ್ಮ ಸನಾದಿಯಂತೆ ಎರಡು ಸೀಳಿನ ಓಲೆಯನ್ನು ತುಟಿಗಿಟ್ಟು ಊದುವ ವಾದ್ಯವದು. ಸನಾದಿಯ ಒಡಹುಟ್ಟೆಂದರೂ ಸಲ್ಲುತ್ತದೆ. ಮುಂದೆ ಪಿಯಾನೋ, ಗಿಟಾರ್, ಬ್ಯಾಂಜೋ ಮೊದಲಾದವೂ ಕೈಗೆ ಬಂದವು. ಸುಧಾರಿತ ಕ್ರೈಸ್ತ ಸಭೆಯೊಂದರ ಸಂಬಂಧವುಳ್ಳ ಹೋಪ್ ಕಾಲೇಜಿನಲ್ಲಿ ಓದು ಮುಗಿಸಿ, ಬಳಿಕ ನ್ಯೂಯಾರ್ಕ್ ನಗರಕ್ಕೆ ಹೋಗಿ ಬರವಣಿಗೆಯ ಶಿಕ್ಷಣವನ್ನೂ ಪಡೆದರು. ಕಥೆಗಾರನಾಗಬೇಕೆಂದು ಹೊರಟವರು ಹಾಡುಗಾರರಾದರು. ಅವರ ಹಾಡುಗಳಲ್ಲಿ ಊರು, ಬೀದಿ, ಇಸವಿ, ಮನೆಯೊಳಗಿನ ಸಾಮಾನುಗಳು ಇಷ್ಟೊಂದು ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣವಿರಬೇಕು.

1999ರಲ್ಲಿ ಅವರು ತಮ್ಮ ಮಲತಂದೆ ಲೋವೆಲ್ ಬ್ರಾಮ್ಸ್ ಅವರೊಡನೆ ಸೇರಿ 'ಆಸ್ತ್ಮಾಟಿಕ್ ಕಿಟ್ಟಿ' ಎಂಬ ವಿಚಿತ್ರ ಹೆಸರಿನ ಧ್ವನಿಮುದ್ರಣ ಸಂಸ್ಥೆಯನ್ನು ಕಟ್ಟಿದರು. ಉಬ್ಬಸದ ಬೆಕ್ಕಿನಮರಿ ಎಂದು ಅದರ ಅರ್ಥ. 'ಸ್ವತಂತ್ರ ಸಂಗೀತಗಾರ' ಎಂಬ ಮಾತನ್ನು ತರುಣರು ಬಳಸುವುದುಂಟಲ್ಲವೆ? ಅದರ ತಾತ್ಪರ್ಯ ಇಷ್ಟೇ: ದೊಡ್ಡ ಕಂಪನಿಯ ಯಜಮಾನನೊಬ್ಬ ಮೇಲೆ ಕುಳಿತು, ಯಾವ ಹಾಡು ಮಾರಾಟವಾಗುತ್ತದೆ, ಯಾವುದು ಆಗುವುದಿಲ್ಲವೆಂದು ತೀರ್ಮಾನಿಸುವುದಿಲ್ಲ. ಹಾಡುವವನು ತನ್ನ ಮನಸ್ಸಿಗೆ ಒಪ್ಪಿದ್ದನ್ನು ಹಾಡುತ್ತಾನೆ. ಲಾಭನಷ್ಟವೂ ಅವನದೇ. ಹಾಗೆ ನೋಡಿದರೆ ನಮ್ಮ ಸೀಮೆಯ ತತ್ವಪದಕಾರರಷ್ಟು ಸ್ವತಂತ್ರರು ಇನ್ನಾರಿದ್ದರು? ಕಡಕೋಳದ ಮಡಿವಾಳಪ್ಪನವರಿಗೆ ಯಾವ ಕಂಪನಿಯೂ ಸಂಬಳ ಕೊಡಲಿಲ್ಲ. ಅವರ ಪದಗಳು ಏಕತಾರಿ ದಮ್ಮಡಿಗಳೊಡನೆ ಜಾತಿಮತಗಳ ಗಡಿ ದಾಟಿ ಊರೂರು ನಡೆದವು. ಇಂದಿಗೂ ನಡೆಯುತ್ತಿವೆ.

ಈಗ ಯಂತ್ರದ ಮಾತಿಗೆ ಬರೋಣ. ಹಿರಿಯರ ದೂರು ಇರುವುದು ಇಲ್ಲಿಯೇ.

ಸ್ಟೀವನ್ಸ್ ಅವರ ಕೃತಿಗಳು ಎರಡು ಬಗೆಯವು. ಒಂದು ಬಗೆಯವು ಬ್ಯಾಂಜೋ ಗಿಟಾರುಗಳ ಮೆಲುದನಿಯ ಹಾಡುಗಳು. ಇನ್ನೊಂದು ಬಗೆಯವು ಹೆಚ್ಚಾಗಿ ವಿದ್ಯುನ್ಮಾನ ವಾದ್ಯಗಳಿಂದ ಕಟ್ಟಿದವು. 2001ರಷ್ಟು ಹಿಂದೆಯೇ ಅವರು ಇಂಥ ಒಂದು ಸಂಪುಟವನ್ನು ಹೊರತಂದಿದ್ದರು. 2010ರ 'ದಿ ಏಜ್ ಆಫ್ ಆಡ್ಜ್', 2020ರ 'ದಿ ಅಸೆನ್ಷನ್' ಇವು ಅದೇ ದಾರಿಯಲ್ಲಿ ಬಹುದೂರ ಹೋದವು. ಮೊದಲನೆಯದರಲ್ಲಿ ಒಂದೇ ಹಾಡು ಇಪ್ಪತ್ತೈದು ನಿಮಿಷ ನಡೆಯುತ್ತದೆ. ನಮ್ಮ ಭಾನುವಾರದ ಪ್ರಸಂಗಕ್ಕಿಂತ ಉದ್ದವೆಂದು ಯಾರಾದರೂ ನಕ್ಕರೆ ನಮ್ಮ ಆಕ್ಷೇಪಣೆಯಿಲ್ಲ.

ಸಿಂಥಸೈಜರ್ ಎಂಬ ವಾದ್ಯದ ಗುಟ್ಟು ಬಹಳ ಕಠಿನವಲ್ಲ. ತಂತಿಯನ್ನು ಮೀಟಿದಾಗ ಅದು ಕಂಪಿಸುತ್ತದೆ. ಸೆಕೆಂಡಿಗೆ 440 ಬಾರಿ ಕಂಪಿಸಿದರೆ ಒಂದು ನಿರ್ದಿಷ್ಟ ಸ್ವರ ಕೇಳುತ್ತದೆ. ಈ ಯಂತ್ರದಲ್ಲಿ ತಂತಿಗೆ ಬದಲಾಗಿ ವಿದ್ಯುತ್ತೇ ಅಷ್ಟು ಸಲ ಏರಿಳಿಯುತ್ತದೆ. ಆ ಏರಿಳಿತವನ್ನು ಸೋಸಿ, ತಿದ್ದಿ, ಧ್ವನಿವರ್ಧಕಕ್ಕೆ ಕಳುಹಿಸಿದರೆ ಕೊಳಲಿನಂತೆಯೋ ಗಂಟೆಯಂತೆಯೋ ಲೋಕದಲ್ಲಿ ಎಂದೂ ಕೇಳದ ಇನ್ನಾವುದರಂತೆಯೋ ನುಡಿಯುತ್ತದೆ. ಅಮೆರಿಕದ ರಾಬರ್ಟ್ ಮೂಗ್ ಎಂಬ ತಂತ್ರಜ್ಞರು 1964ರಲ್ಲಿ ಇಂಥ ವಾದ್ಯವನ್ನು ರೂಪಿಸಿದರು. 1983ರಲ್ಲಿ 'ಮಿಡಿ' ಎಂಬ ಏರ್ಪಾಡು ಬಂದು, ಬೇರೆ ಬೇರೆ ಕಂಪನಿಗಳ ವಾದ್ಯಗಳೂ ಕಂಪ್ಯೂಟರೂ ಪರಸ್ಪರ ಮಾತಾಡುವಂತಾಯಿತು. ನಮ್ಮ ಕಡೆಯ ರಸಮಂಜರಿಯ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡು, ರಿದಮ್ ಪ್ಯಾಡುಗಳು ಇಲ್ಲದ ದಿನವನ್ನು ಇಂದಿನ ತರುಣರು ಕಂಡೇ ಇಲ್ಲ. ಮೆರವಣಿಗೆಯ ಡಿ.ಜೆ.ಯಿಂದ ಕಿಟಕಿಯ ಗಾಜು ನಡುಗುವುದನ್ನು ಕಂಡವರಿಗೆ ಯಂತ್ರದ ಮೇಲೆ ಮುನಿಸು ಬರುವುದು ನ್ಯಾಯವೇ. ಆದರೆ ಅದು ದನಿಯನ್ನು ಏರಿಸಿದವನ ತಪ್ಪು. ಅದೇ ಯಂತ್ರ ಪಿಸುಮಾತನ್ನೂ ಆಡಬಲ್ಲುದು.

ವಾದ್ಯಗಳ ವಿಷಯದಲ್ಲಿ ಧರ್ಮಸಭೆಯ ಇತಿಹಾಸವನ್ನೂ ಇಲ್ಲಿ ಸ್ವಲ್ಪ ಸ್ಮರಿಸಬೇಕು. ಸಂತ ಹತ್ತನೆಯ ಪಿಯುಸ್ ಜಗದ್ಗುರುಗಳು 1903ರಲ್ಲಿ ಹೊರಡಿಸಿದ ಆಜ್ಞೆಯಲ್ಲಿ ದೇವಾಲಯದೊಳಗೆ ಪಿಯಾನೋವನ್ನೂ ನಗಾರಿ ತಾಳಗಳಂಥ ಸದ್ದಿನ ವಾದ್ಯಗಳನ್ನೂ ನಿಷೇಧಿಸಿದ್ದರು. ಇಂದು ಪಿಯಾನೋ ಎಂದರೆ ಗಾಂಭೀರ್ಯದ ಪ್ರತಿರೂಪವೆಂದು ಭಾವಿಸುವ ನಮಗೆ ಇದು ಆಶ್ಚರ್ಯವಾಗಿ ಕಾಣುತ್ತದೆ. ಅರವತ್ತು ವರ್ಷಗಳ ತರುವಾಯ, 1963ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಆರಾಧನಾವಿಧಿಯ ಮೇಲಿನ ತನ್ನ ಸಂವಿಧಾನದಲ್ಲಿ ಕೊಳವೆಯ ಆರ್ಗನ್ನಿಗೆ ಹಿರಿಯ ಸ್ಥಾನವನ್ನು ಉಳಿಸಿ, ಪವಿತ್ರ ಬಳಕೆಗೆ ಒಗ್ಗುವ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ನಮ್ಮ ದೇಶದ ಕಥೆಯೂ ಬೇರೆಯಲ್ಲ. ಫ್ರಾನ್ಸಿನಿಂದ ಬಂದ ಹಾರ್ಮೋನಿಯಂ ಭಾರತೀಯ ಸಂಗೀತಕ್ಕೆ ಹೊಂದದೆಂದು ಆಕಾಶವಾಣಿಯವರು 1940ರಲ್ಲಿ ಅದನ್ನು ಹೊರಗಿಟ್ಟರು. ಮೂರು ದಶಕ ಅದು ಹೊರಗೆಯೇ ಇತ್ತು. ಅಷ್ಟರಲ್ಲಿ ನಮ್ಮ ಹಳ್ಳಿಯ ಭಜನಾ ಮಂಡಳಿಗಳೂ ಬಯಲಾಟದ ಮೇಳಗಳೂ ಅದನ್ನು ಮನೆಯ ಮಗನಂತೆ ಸಾಕಿಕೊಂಡಿದ್ದವು. ಕೀಬೋರ್ಡಿನ ಬಗ್ಗೆ ಅಸಮಾಧಾನಪಡುವ ಹಿರಿಯರು ಹಾರ್ಮೋನಿಯಮ್ಮಿನ ಮುಂದೆ ಕುಳಿತೇ ಆ ಅಸಮಾಧಾನವನ್ನು ತೋಡಿಕೊಳ್ಳುತ್ತಾರೆಂಬುದನ್ನು ಪ್ರೀತಿಯಿಂದಲೇ ನೆನಪಿಸುತ್ತೇವೆ.

ಸ್ಟೀವನ್ಸ್ ಅವರ ಹಾಡುಗಳಲ್ಲಿ ಕ್ರೈಸ್ತ ವಿಶ್ವಾಸ ಎಷ್ಟರಮಟ್ಟಿಗೆ ಇದೆ? 2004ರ 'ಸೆವೆನ್ ಸ್ವಾನ್ಸ್' ಎಂಬ ಸಂಪುಟದಲ್ಲಿ ಅಬ್ರಹಾಮನ ಮೇಲೆ ಒಂದು ಹಾಡಿದೆ, ಬೆಟ್ಟದ ಮೇಲೆ ಪ್ರಭುವಿನ ರೂಪಾಂತರದ ಮೇಲೆ ಒಂದು ಹಾಡಿದೆ. 2001ರಿಂದ ಅವರು ಕ್ರಿಸ್‌ಮಸ್ ಸಮಯದಲ್ಲಿ ಮನೆಯವರಿಗೂ ಗೆಳೆಯರಿಗೂ ಕಾಣಿಕೆಯಾಗಿ ಹಾಡುಗಳನ್ನು ಧ್ವನಿಮುದ್ರಿಸತೊಡಗಿದರು. 2006ರಲ್ಲಿ ಒಂದು ಪೆಟ್ಟಿಗೆ, 2012ರಲ್ಲಿ ಇನ್ನೊಂದು ಪೆಟ್ಟಿಗೆ, ಹೀಗೆ ಹೊರಬಂದ ಎರಡರಲ್ಲಿ ಒಟ್ಟು ನೂರು ಹಾಡುಗಳಾದವು. ನಮ್ಮ ಅಜ್ಜಂದಿರು ಹಾಡುತ್ತಿದ್ದಂಥ ಹಳೆಯ ಕೀರ್ತನೆಗಳೂ ಅವುಗಳಲ್ಲಿವೆ, ಸಾಂಟಾಕ್ಲಾಸನನ್ನು ಗೇಲಿಮಾಡುವ ತುಂಟ ಹಾಡುಗಳೂ ಇವೆ. ಆದರೂ ಅವರು ತಮ್ಮನ್ನು 'ಕ್ರೈಸ್ತ ಸಂಗೀತಗಾರ' ಎಂದು ಹಣೆಪಟ್ಟಿ ಕಟ್ಟಿ ಮಾರಿಕೊಂಡವರಲ್ಲ. ಇದು ನಮಗೆ ಮೆಚ್ಚುಗೆಯಾದ ಅಂಶ. ಅಂಗಡಿಯ ಫಲಕದ ಮೇಲೆ ಶಿಲುಬೆ ಬರೆಸಿದ ಮಾತ್ರಕ್ಕೆ ತಕ್ಕಡಿ ಸರಿಯಾಗುವುದಿಲ್ಲ.

ಈಗ ಮುಖ್ಯ ಸಂಗತಿ. ಇಲ್ಲಿಯವರೆಗಿನದು ಪೀಠಿಕೆ.

ಅವರ ತಾಯಿಯ ಹೆಸರು ಕ್ಯಾರಿ. ಮಗುವಿಗೆ ಒಂದು ವರ್ಷವಾಗಿದ್ದಾಗ ಆಕೆ ಮನೆಯನ್ನು ಬಿಟ್ಟು ಹೋದಳು. ಆಕೆಗೆ ಮನೋವ್ಯಾಧಿಯಿತ್ತು, ಕುಡಿತದ ಪಿಡುಗೂ ಇತ್ತು. ಕೆಲವು ವರ್ಷಗಳ ಬಳಿಕ ಆಕೆ ಲೋವೆಲ್ ಬ್ರಾಮ್ಸ್ ಅವರನ್ನು ಮದುವೆಯಾದಳು. ಆಗ ಐದರಿಂದ ಎಂಟು ವರ್ಷದ ಪ್ರಾಯದೊಳಗೆ ಮೂರು ಬೇಸಿಗೆಗಳನ್ನು ಈ ಹುಡುಗನೂ ಅವನ ಒಡಹುಟ್ಟಿದವರೂ ದೂರದ ಆರೆಗನ್ ರಾಜ್ಯದಲ್ಲಿ ತಾಯಿಯ ಬಳಿ ಕಳೆದರು. ಆ ಮದುವೆ ಐದು ವರ್ಷಕ್ಕೆ ಮುರಿಯಿತು. ತಾಯಿ ಮತ್ತೆ ದೂರವಾದಳು. ಆದರೆ ಮಲತಂದೆ ದೂರವಾಗಲಿಲ್ಲ. ಆ ಮಕ್ಕಳೊಡನೆ ಸಂಬಂಧವನ್ನು ಉಳಿಸಿಕೊಂಡು, ಮುಂದೆ ಮಗನೊಡನೆ ಸಂಸ್ಥೆ ಕಟ್ಟಿ, ಅದನ್ನು ಹಲವು ವರ್ಷ ನಡೆಸಿದವರು ಆತನೇ. ರಕ್ತಸಂಬಂಧವಿಲ್ಲದೆ ತಂದೆಯಾದ ಸಂತ ಜೋಸೆಫರನ್ನು ಪೂಜಿಸುವ ನಮಗೆ ಈ ಮನುಷ್ಯನ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

2012ರ ಡಿಸೆಂಬರಿನಲ್ಲಿ ಕ್ಯಾರಿ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಮಗ ಆಸ್ಪತ್ರೆಗೆ ಧಾವಿಸಿ ಹಾಸಿಗೆಯ ಬಳಿಯಲ್ಲಿದ್ದರು. ಬಾಳಿನಲ್ಲಿ ಸಿಗದ ತಾಯಿ ಸಾವಿನ ಮಂಚದ ಮೇಲೆ ಸಿಕ್ಕಳು. ಆಮೇಲೆ ಬಂದ ದುಃಖವು ವಿಚಿತ್ರವಾದುದು. ನೆನಪುಗಳೇ ಇಲ್ಲದವರಿಗಾಗಿ ಅಳುವುದು ಹೇಗೆ? ಅವರು ಕೆಲವು ಕಾಲ ದಾರಿತಪ್ಪಿ ತಮ್ಮನ್ನು ತಾವೇ ಕೆಡಿಸಿಕೊಳ್ಳುವಂತೆ ನಡೆದುಕೊಂಡರೆಂದು ತಾವೇ ಹೇಳಿಕೊಂಡಿದ್ದಾರೆ. ಆ ಕತ್ತಲೆಯಿಂದ ಬಂದದ್ದು 2015ರ ಮಾರ್ಚ್ 31ರಂದು ಬಿಡುಗಡೆಯಾದ 'ಕ್ಯಾರಿ ಅಂಡ್ ಲೋವೆಲ್' ಎಂಬ ಸಂಪುಟ. ಹನ್ನೊಂದು ಹಾಡುಗಳು. ಕೆಲವು ಭಾಗಗಳನ್ನು ಆರೆಗನ್ನಿನ ಹೋಟೆಲು ಕೋಣೆಯೊಂದರಲ್ಲಿ ಕುಳಿತು ಮೊಬೈಲ್ ಫೋನಿನಲ್ಲಿಯೇ ಮುದ್ರಿಸಿಕೊಂಡರು. ನಮ್ಮ ಹುಡುಗರು ಇದನ್ನು ಗಮನಿಸಬೇಕು. ಲಕ್ಷಗಟ್ಟಲೆಯ ಸ್ಟುಡಿಯೋ ಬೇಕೆಂದು ಯಾರು ಹೇಳಿದರು?

ಈ ಹಾಡುಗಳಲ್ಲಿ ಡೋಲಿಲ್ಲ, ಆರ್ಭಟವಿಲ್ಲ. ಅದೇ ವರ್ಷದ ಸಂಚಾರದಲ್ಲಿ ವೇದಿಕೆಯ ಮೇಲೆ ಅವಕ್ಕೆ ವಿದ್ಯುನ್ಮಾನದ ಅಲೆಗಳನ್ನು ಕೂಡಿಸಿ ಹಾಡಿದರು. ಮುದ್ರಣದಲ್ಲಿ ಮಾತ್ರ ಒಬ್ಬನು ಕಿವಿಯ ಬಳಿ ಕುಳಿತು ಹೇಳಿದಂತಿದೆ. ಚಿಕ್ಕಂದಿನಲ್ಲಿ ತಾಯಿ ತನ್ನನ್ನು ವೀಡಿಯೊ ಅಂಗಡಿಯಲ್ಲಿ ಬಿಟ್ಟು ಹೋದ ನೆನಪು ಒಂದು ಹಾಡಿನಲ್ಲಿ ಬರುತ್ತದೆ. ಅದೇ ಹಾಡು ಮುಗಿಯುವ ಹೊತ್ತಿಗೆ ಅಣ್ಣನ ಮನೆಯಲ್ಲಿ ಹೆಣ್ಣುಮಗು ಹುಟ್ಟಿದ ಬೆಳಕು ಬರುತ್ತದೆ. ಇನ್ನೊಂದು ಹಾಡು ಸಾಯುವ ತಾಯಿಯೂ ಮಗನೂ ಆಡಿಕೊಳ್ಳುವ ಮಾತು. ಮಗುವನ್ನು ಪಕ್ಷಿಗಳ ಹೆಸರು ಹಿಡಿದು ಮುದ್ದುಮಾಡುವ ತಾಯಿ ಅದರಲ್ಲಿದ್ದಾಳೆ, ಅಂಥ ಮುದ್ದು ಬಾಲ್ಯದಲ್ಲಿ ಎಷ್ಟು ಸಿಕ್ಕಿತ್ತೋ ದೇವರೇ ಬಲ್ಲ. ಮತ್ತೊಂದು ಹಾಡಿನ ಶೀರ್ಷಿಕೆಯೇ ಶಿಲುಬೆಯ ನೆರಳಿನಲ್ಲಿ ತಂಪು ಸಿಗದೆಂದು ದೂರುತ್ತದೆ. ಕೆಲವರಿಗೆ ಇದು ದೇವದೂಷಣೆಯೆನಿಸಬಹುದು. ಅಂಥವರು ಕೀರ್ತನೆಗಳ ಗ್ರಂಥವನ್ನು, ವಿಶೇಷವಾಗಿ 88ನೆಯ ಕೀರ್ತನೆಯನ್ನು, ಮನೆಗೆ ಹೋಗಿ ಓದಬೇಕು. ಕತ್ತಲೆಯಲ್ಲಿ ಆರಂಭವಾಗಿ ಕತ್ತಲೆಯಲ್ಲಿಯೇ ಮುಗಿಯುವ ಪ್ರಾರ್ಥನೆಯದು. ಧರ್ಮಸಭೆ ಅದನ್ನು ಹೊರಗೆ ಹಾಕಿಲ್ಲ. ರಾತ್ರಿಯ ಜಪದಲ್ಲಿ ಗುರುಗಳ ಬಾಯಲ್ಲಿ ಇಟ್ಟಿದೆ.

ತನ್ನ ಅಂತರಂಗವನ್ನು ಹೀಗೆ ಹಾಡಿನಲ್ಲಿ ಬಿಚ್ಚಿಡುವುದಕ್ಕೆ ಪಾಶ್ಚಾತ್ಯರು ಪಾಪನಿವೇದನೆಯ ಹೆಸರನ್ನೇ ಕೊಟ್ಟಿದ್ದಾರೆ. ಕನ್ನಡಕ್ಕೂ ಇದು ಹೊಸದಲ್ಲ. ಹನ್ನೆರಡನೆಯ ಶತಮಾನದ ಬಸವಣ್ಣನವರು ತಮ್ಮ ಮನಸ್ಸಿನ ಚಂಚಲತೆಯನ್ನು ಎಷ್ಟು ನಿಷ್ಠುರವಾಗಿ ಬಯಲಿಗಿಟ್ಟರೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ದಾಸರು ತಮ್ಮನ್ನು ತಾವೇ ಹಳಿದುಕೊಂಡು ಹಾಡಿದರು. ಮೊಹರಂ ಬಂತೆಂದರೆ ನಮ್ಮ ಊರುಗಳಲ್ಲಿ ಅಲಾಯಿ ಕುಣಿಯ ಸುತ್ತ ಸೇರುವ ಹಿಂದೂ ಮುಸಲ್ಮಾನರಿಬ್ಬರೂ ಹಾಡುವ ಶೋಕದ ಪದಗಳಲ್ಲಿ ಕೇಳುವವನ ಎದೆ ತನ್ನ ದುಃಖವನ್ನೇ ಗುರುತಿಸಿಕೊಳ್ಳುತ್ತದೆ.

ಆದರೆ ನಿವೇದನಾಪೀಠದಲ್ಲಿ ನಲವತ್ತು ವರ್ಷಗಳ ಸಮೀಪ ಕುಳಿತ ನಾವು ಒಂದು ವ್ಯತ್ಯಾಸವನ್ನು ಹೇಳದಿದ್ದರೆ ಕರ್ತವ್ಯಲೋಪವಾದೀತು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯು ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ವಿಧಿಸಿದಾಗ, ಕೇಳಿಸಿಕೊಂಡ ಗುರುವು ಅದನ್ನು ಎಂದಿಗೂ ಹೊರಗೆಡಹಬಾರದೆಂದೂ ಕಟ್ಟುನಿಟ್ಟು ಮಾಡಿತು. ಅಲ್ಲಿ ಹೇಳುವುದು ಒಬ್ಬನ ಕಿವಿಗೆ. ಹೇಳಿದ್ದು ಅಲ್ಲಿಯೇ ಹೂತುಹೋಗುತ್ತದೆ. ಹಾಡಿನಲ್ಲಿ ಹೇಳಿದ್ದು ಲಕ್ಷ ಕಿವಿಗಳಿಗೆ ಬಿದ್ದು, ಹೇಳಿದವನು ಮರೆಯಬಯಸಿದರೂ ಮರೆಯಗೊಡುವುದಿಲ್ಲ. ಇನ್ನೊಂದು ಮಾತು ಇದಕ್ಕಿಂತ ಸೂಕ್ಷ್ಮವಾದುದು. ನಿವೇದನಾಪೀಠಕ್ಕೆ ಬಂದವರು ನೆರೆಯವರ ಪಾಪವನ್ನೋ ಅತ್ತೆಯ ಪಾಪವನ್ನೋ ಹೇಳತೊಡಗಿದರೆ ನಾವು ತಡೆಯುತ್ತೇವೆ: ನಿನ್ನದನ್ನು ಹೇಳಮ್ಮಾ, ಅವರದನ್ನು ಅವರು ಹೇಳಿಕೊಳ್ಳುತ್ತಾರೆ. ನಗಬೇಡಿ, ಇದು ಪ್ರತಿ ತಪಸ್ಸುಕಾಲದ ಕಥೆ. ಹಾಗಾದರೆ ತಾಯಿ ತನ್ನನ್ನು ಬಿಟ್ಟುಹೋದಳೆಂದು ಮಗ ಲೋಕಕ್ಕೆಲ್ಲ ಹಾಡುವುದು ನಿವೇದನೆಯೋ, ದೂರೋ?

ಈ ಪ್ರಶ್ನೆಯನ್ನು ಹಿಡಿದು ನಾವು ಸಂತ ಅಗುಸ್ತೀನರ ಕಡೆಗೆ ಹೋದೆವು. ಸೆಮಿನರಿಯಲ್ಲಿ ಓದಿಸಿದ ಪುಸ್ತಕವನ್ನು ಮುಪ್ಪಿನಲ್ಲಿ ಮತ್ತೆ ತೆರೆದಾಗ ಅದು ಬೇರೆ ಪುಸ್ತಕವಾಗಿರುತ್ತದೆ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಅವರು ಬರೆದ ಆತ್ಮನಿವೇದನೆಯ ಒಂಬತ್ತನೆಯ ಭಾಗದಲ್ಲಿ ತಾಯಿ ಸಂತ ಮೋನಿಕಾಳ ಮರಣದ ವೃತ್ತಾಂತವಿದೆ. 387ರಲ್ಲಿ ಮಿಲಾನಿನಲ್ಲಿ ಮಗನ ಜ್ಞಾನಸ್ನಾನವಾಯಿತು. ಅದೇ ವರ್ಷ ಊರಿಗೆ ಮರಳುವ ದಾರಿಯಲ್ಲಿ, ಓಸ್ಟಿಯಾ ಬಂದರಿನಲ್ಲಿ, ತಾಯಿ ಜ್ವರದಿಂದ ತೀರಿಕೊಂಡಳು. ಐವತ್ತಾರರ ವಯಸ್ಸು. ಮಗ ಶವಸಂಸ್ಕಾರದಲ್ಲಿ ಕಣ್ಣೀರನ್ನು ಬಲವಂತದಿಂದ ತಡೆದುಕೊಂಡು, ಆಮೇಲೆ ಒಬ್ಬಂಟಿಯಾಗಿ ಅತ್ತನು. ಅದೇ ಭಾಗದಲ್ಲಿ ಅಗುಸ್ತೀನರು ಇನ್ನೊಂದು ಸಂಗತಿಯನ್ನೂ ಬರೆದಿಟ್ಟಿದ್ದಾರೆ. ಮೋನಿಕಾ ಬಾಲಕಿಯಾಗಿದ್ದಾಗ ಪೀಪಾಯಿಯಿಂದ ದ್ರಾಕ್ಷಾರಸ ತರಹೋದವಳು ಕದ್ದು ಗುಟುಕರಿಸುತ್ತ, ದಿನದಿನಕ್ಕೆ ಬಟ್ಟಲು ತುಂಬ ಕುಡಿಯುವವರೆಗೆ ಹೋಗಿದ್ದಳು. ಒಬ್ಬ ದಾಸಿ ಹಂಗಿಸಿದ ಮೇಲೆ ಬಿಟ್ಟಳು. ಸಂತಳಾದ ತಾಯಿಯ ಕುಡಿತದ ಕಥೆಯನ್ನು ಮಗನೇ, ಅದೂ ಧರ್ಮಾಧ್ಯಕ್ಷನಾದವನು, ಬರೆದಿಟ್ಟನು! ಆದರೆ ಆ ಭಾಗ ಮುಗಿಯುವುದು ಬೇಡಿಕೆಯಲ್ಲಿ. ಓದುವವರೆಲ್ಲರೂ ತನ್ನ ತಾಯಿತಂದೆಯರನ್ನು ಬಲಿಪೀಠದ ಬಳಿ ನೆನೆಯಬೇಕೆಂದು ಅವರು ಕೇಳಿಕೊಳ್ಳುತ್ತಾರೆ. ತಾಯಿಯ ಕುಂದನ್ನು ಹೇಳಿದ್ದು ಆಕೆಯನ್ನು ಜನರ ನಾಲಿಗೆಗೆ ಕೊಡುವುದಕ್ಕಲ್ಲ, ಅವರ ಪ್ರಾರ್ಥನೆಗೆ ಒಪ್ಪಿಸುವುದಕ್ಕೆ.

ಈ ಅಳತೆಗೋಲನ್ನು ಹಿಡಿದರೆ ಸ್ಟೀವನ್ಸ್ ಅವರ ಹಾಡುಗಳು ಬಹುಮಟ್ಟಿಗೆ ಪಾರಾಗುತ್ತವೆಂದು ನಮ್ಮ ಅಭಿಪ್ರಾಯ. ಸಂಪುಟದ ಮೊದಲ ಹಾಡಿನಲ್ಲಿಯೇ ಆತ ತಾಯಿಯನ್ನು ಕ್ಷಮಿಸಿದ್ದಾನೆ. ಬೇರೆಯವರ ಮೇಲೆ ಹೊರಿಸಿದ ದೂರಿಗಿಂತ ತನ್ನ ದೌರ್ಬಲ್ಯದ ನಿವೇದನೆಯೇ ಹೆಚ್ಚು. ಆದರೂ ಪೂರ್ತಿ ಪಾರಾಗುತ್ತವೆಂದು ನಾವು ಹೇಳಲಾರೆವು. ಏಕೆಂದು ಮುಂದೆ ಹೇಳುತ್ತೇವೆ.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣ ನಮ್ಮ ನಡುವೆಯೇ ಇದೆ. ಸುಗ್ಗಿ ಮುಗಿದರೆ ನಮ್ಮ ಜಿಲ್ಲೆಯ ಜನ ಗುಳೆ ಹೋಗುತ್ತಾರೆ. ಬೆಂಗಳೂರು, ಮುಂಬಯಿ, ಹೈದರಾಬಾದು, ಎಲ್ಲಿ ಕಟ್ಟಡದ ಕೆಲಸವೋ ಅಲ್ಲಿಗೆ. ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ಕೆಲವರು ಮಳೆಗಾಲಕ್ಕೆ ಮರಳುತ್ತಾರೆ, ಕೆಲವರು ಮರಳುವುದಿಲ್ಲ. ಕಳೆದ ತಪಸ್ಸುಕಾಲದಲ್ಲಿ ಗಾನವೃಂದದ ಹುಡುಗನೊಬ್ಬ ಮೊಬೈಲಿನಲ್ಲಿ ತಾನೇ ತಾಳ ಕೂಡಿಸಿ, ತಾನೇ ರಾಗ ಹಚ್ಚಿ, ಒಂದು ಹಾಡು ಮಾಡಿಕೊಂಡು ಬಂದು ನಮಗೆ ಕೇಳಿಸಿದನು. ಮೂರು ಕ್ರಿಸ್‌ಮಸ್ ಕಳೆದರೂ ಬಾರದ ತಾಯಿಯ ಹಾಡು. ಹಾಡು ಚೆನ್ನಾಗಿತ್ತು. ಆಕೆಯ ಹೆಸರೂ ಅದರಲ್ಲಿತ್ತು.

"ಇದು ನಿಮ್ಮ ಅವ್ವನಿಗೆ ಗೊತ್ತೇನಪ್ಪಾ?" ಎಂದು ಕೇಳಿದೆವು.

"ಇಲ್ರಿ ಫಾದರ್. ಫೋನ್ ಹಚ್ಚಿದ್ರ ಬರೀ ಉಂಡೀಯೇನು ಅಂತ ಕೇಳ್ತಾಳ್ರಿ."

ಶತಮಾನೋತ್ಸವದ ಸಾಂಸ್ಕೃತಿಕ ಸಂಜೆಯಲ್ಲಿ ಅದನ್ನು ಹಾಡಬೇಕೆಂಬುದು ಅವನ ಆಸೆ. ಹಿರಿಯರಲ್ಲಿ ಕೆಲವರು ಮನೆಯ ಮಾನ ಹೋಗುತ್ತದೆಂದರು, ಕೆಲವರು ಹಬ್ಬದ ದಿನ ಅಳುವ ಹಾಡೇಕೆಂದರು. ಎರಡನೆಯ ಆಕ್ಷೇಪಣೆಗೆ ನಾವು ಬೆಲೆ ಕೊಡುವುದಿಲ್ಲ. ನೂರು ವರ್ಷಗಳಲ್ಲಿ ಈ ಗೋಡೆಗಳು ಕೇಳಿದ ಅಳು ಕಡಿಮೆಯೇನಲ್ಲ. ಮೊದಲನೆಯದಕ್ಕೆ ಬೆಲೆಯುಂಟು, ಆದರೆ ಅವರು ಹೇಳುವ ಅರ್ಥದಲ್ಲಿ ಅಲ್ಲ. ಮನೆಯ ಮಾನವೆಂಬುದು ಮುಚ್ಚಿಟ್ಟ ಮಾತ್ರಕ್ಕೆ ಉಳಿಯುವ ವಸ್ತುವಲ್ಲ. ಆದರೆ ಆ ತಾಯಿ ಎಲ್ಲಿಯೋ ಬಿಸಿಲಿನಲ್ಲಿ ಇಟ್ಟಿಗೆ ಹೊರುತ್ತಿದ್ದಾಳೆ. ಆಕೆಗೂ ಹೇಳುವುದಕ್ಕೆ ಒಂದು ಮಾತಿರಬಹುದು. ಆಕೆ ಇಲ್ಲದ ಸಭೆಯಲ್ಲಿ ಆಕೆಯ ವಿಚಾರಣೆ ನಡೆಯಬಾರದು. ಹಾಡನ್ನು ಮೊದಲು ಅವ್ವನಿಗೆ ಕಳುಹಿಸು, ಆಕೆ ಹೂಂ ಎಂದರೆ ಹಾಡು, ಹೆಸರನ್ನು ಮಾತ್ರ ತೆಗೆ ಎಂದೆವು. ಹುಡುಗನಿಗೆ ಅಷ್ಟು ಸಂತೋಷವಾಗಲಿಲ್ಲ. ಕಳುಹಿಸಿದನೋ ಇಲ್ಲವೋ ನಾವು ಮತ್ತೆ ಕೇಳಿಲ್ಲ. ಅದು ತಾಯಿಮಗನ ನಡುವಿನ ಮಾತು.

ಸ್ಟೀವನ್ಸ್ ಅವರ ಕಥೆ ತಾಯಿಯೊಡನೆ ಮುಗಿಯಲಿಲ್ಲ. 2018ರಲ್ಲಿ ಆಸ್ಕರ್ ಸಮಾರಂಭದ ವೇದಿಕೆಯ ಮೇಲೆ ಹಾಡಿ ಕೀರ್ತಿವಂತರಾದುದನ್ನು ತರುಣರು ಬಲ್ಲರು. ನಮಗೆ ಮುಖ್ಯವಾಗಿ ಕಾಣುವುದು ಬೇರೆ. 2020ರ ಸೆಪ್ಟೆಂಬರಿನಲ್ಲಿ 'ದಿ ಅಸೆನ್ಷನ್' ಬಿಡುಗಡೆಯಾದ ಎರಡು ದಿನಗಳಲ್ಲಿ ಅವರ ತಂದೆ ತೀರಿಕೊಂಡರು. ಮಹಾಮಾರಿಯ ವರ್ಷವದು. ನಾವೂ ನಮ್ಮವರನ್ನು ಹೂಳುವಾಗ ದೂರ ನಿಂತ ವರ್ಷ. ಮರುವರ್ಷ ಅವರು 'ಕಾನ್ವೊಕೇಷನ್ಸ್' ಎಂಬ ಐದು ಭಾಗಗಳ ಕೃತಿಯನ್ನು ಹೊರತಂದರು. ಧ್ಯಾನಗಳು, ಪ್ರಲಾಪಗಳು, ಪ್ರಕಟನೆಗಳು, ಹರ್ಷಗಳು, ಮಂತ್ರಗಳು ಎಂದು ಆ ಭಾಗಗಳ ಹೆಸರುಗಳ ತಾತ್ಪರ್ಯ. ಒಟ್ಟು ನಲವತ್ತೊಂಬತ್ತು ತುಣುಕುಗಳು, ಸುಮಾರು ಎರಡೂವರೆ ತಾಸಿನ ವಾದನ. ಎಲ್ಲವೂ ವಿದ್ಯುನ್ಮಾನ ವಾದ್ಯಗಳಲ್ಲಿ. ತಾಯಿಗಾಗಿ ಅಷ್ಟೊಂದು ಮಾತಾಡಿದ ಮಗ ತಂದೆಗಾಗಿ ಮಾತನ್ನೇ ಬಿಟ್ಟರು. ಇಲ್ಲಿ ಪದ್ಯವಿಲ್ಲ, ದೂರಿಲ್ಲ, ಯಾರ ಹೆಸರೂ ಇಲ್ಲ. ಯಂತ್ರಕ್ಕೆ ಹೃದಯವಿಲ್ಲವೆನ್ನುವ ಹಿರಿಯರು ಇದರ ಪ್ರಲಾಪದ ಭಾಗವನ್ನು ಕೇಳಿ ಆಮೇಲೆ ಹೇಳಲಿ. ಸಂತ ಅಗುಸ್ತೀನರೇ ತಮ್ಮ ಗ್ರಂಥದ ಹತ್ತನೆಯ ಭಾಗದಲ್ಲಿ ಒಂದು ಅಳುಕನ್ನು ತೋಡಿಕೊಂಡಿದ್ದಾರೆ. ದೇವಾಲಯದಲ್ಲಿ ಹಾಡಿನ ಅರ್ಥಕ್ಕಿಂತ ಹಾಡಿನ ಇಂಪೇ ತಮ್ಮನ್ನು ಸೆಳೆದುಬಿಡುತ್ತದೆಯೇ ಎಂಬುದು ಆ ಅಳುಕು. ಮಾತೇ ಇಲ್ಲದ ಸಂಗೀತವನ್ನು ಕೇಳಿದ್ದರೆ ಅವರು ಏನನ್ನುತ್ತಿದ್ದರೋ!

2023ರ ಅಕ್ಟೋಬರಿನಲ್ಲಿ ಬಂದ 'ಜಾವೆಲಿನ್' ಎಂಬ ಸಂಪುಟವನ್ನು ಅವರು ಅದೇ ವರ್ಷದ ಏಪ್ರಿಲಿನಲ್ಲಿ ತೀರಿಕೊಂಡ ತಮ್ಮ ಬಾಳಸಂಗಾತಿ ಇವಾನ್ಸ್ ರಿಚರ್ಡ್‌ಸನ್ ಅವರಿಗೆ ಅರ್ಪಿಸಿದರು. ಅಗಲಿದವರು ಪುರುಷರು. ಇದನ್ನು ಕೇಳಿ ಹುಬ್ಬೇರಿಸುವವರು ಈ ಸಭೆಯಲ್ಲಿಯೂ ಇರಬಹುದು. ಧರ್ಮಸಭೆಯ ಬೋಧನೆ ನಿಮಗೆ ತಿಳಿಯದ್ದಲ್ಲ, ಅದನ್ನು ಬೋಧಿಸುವ ದಿನ ಬೋಧಿಸುತ್ತೇವೆ. ಸತ್ತವರಿಗಾಗಿ ಅಳುವವನ ಮುಂದೆ ನಾವು ಪುಸ್ತಕ ಬಿಚ್ಚುವುದಿಲ್ಲ. ಆ ಸಂಪುಟ ಹೊರಬರುವ ಹೊತ್ತಿಗೆ ಸ್ವತಃ ಅವರೇ ಗಿಯಾನ್-ಬಾರೆ ಎಂಬ ನರರೋಗದಿಂದ ನಡೆಯಲಾರದೆ ಆಸ್ಪತ್ರೆಯಲ್ಲಿದ್ದರು. ದೇಹದ ರಕ್ಷಣಾಶಕ್ತಿಯೇ ತಿರುಗಿ ನರಗಳ ಮೇಲೆ ಬೀಳುವ ರೋಗವದು. ಮತ್ತೆ ಹೆಜ್ಜೆಯಿಡಲು ಮಗುವಿನಂತೆ ಕಲಿಯಬೇಕಾಯಿತು.

ಇನ್ನು, ಮುಂದೆ ಹೇಳುತ್ತೇವೆಂದ ಮಾತು. 2025ರಲ್ಲಿ 'ಕ್ಯಾರಿ ಅಂಡ್ ಲೋವೆಲ್' ಸಂಪುಟದ ಹತ್ತನೆಯ ವರ್ಷದ ಆವೃತ್ತಿ ಹೊರಬಂತು. ಲೋಕವೆಲ್ಲ ಕೊಂಡಾಡಿದ ಆ ಕೃತಿಯ ಬಗ್ಗೆ ತಮಗೆ ಸಂಕೋಚವಾಗುತ್ತದೆಂದು ಅವರು ಆಗ ಹೇಳಿಕೊಂಡರು. ಹಾಡಿದ್ದರಿಂದ ದುಃಖ ಬಗೆಹರಿಯಲಿಲ್ಲ, ತಾಯಿಯನ್ನು ತಾನು ಅರಿತೂ ಇರಲಿಲ್ಲ ಎಂಬ ಅರ್ಥದ ಮಾತುಗಳು. ಕೇಳುಗರಲ್ಲಿ ಕೆಲವರಿಗೆ ಇದರಿಂದ ನೋವಾಯಿತು. ನಮಗೆ ಆಗಲಿಲ್ಲ. ಹತ್ತು ವರ್ಷ ಅದೇ ಹಾಡುಗಳನ್ನು ಜನರ ಬಾಯಲ್ಲಿ ಕೇಳಿದ ಮೇಲೆ, ಸತ್ತ ತಾಯಿಗೂ ಒಂದು ಮಾತಿತ್ತೆಂಬುದು ಮಗನಿಗೆ ತೋಚಿದ್ದರೆ, ನಿವೇದನೆ ಅಲ್ಲಿ ಇನ್ನೂ ನಡೆಯುತ್ತಿದೆಯೆಂದು ನಾವು ತಿಳಿಯುತ್ತೇವೆ.

ಕೊನೆಗೆ ಒಂದು ಪ್ರಕಟಣೆ. ನವೆಂಬರ್ 2, ಸಕಲ ಮೃತರ ಸ್ಮರಣೆಯ ದಿನ, ಸಂಜೆಯ ಬಲಿಪೂಜೆಯ ತರುವಾಯ ಸಭಾಂಗಣದಲ್ಲಿ (ದೇವಾಲಯದಲ್ಲಿ ಅಲ್ಲ) 'ಕಾನ್ವೊಕೇಷನ್ಸ್' ಕೃತಿಯ ಪ್ರಲಾಪದ ಭಾಗವನ್ನೂ ಕ್ಯಾರಿಯ ಹಾಡುಗಳಲ್ಲಿ ಎರಡನ್ನೂ ಕೇಳಿಸುವ ಏರ್ಪಾಡಾಗಿದೆ. ಇಂಗ್ಲಿಷ್ ಬಾರದವರಿಗಾಗಿ ಹಾಡುಗಳ ಭಾವಾರ್ಥವನ್ನು ನಾವೇ ಹೇಳುತ್ತೇವೆ. ಪ್ರಲಾಪಕ್ಕೆ ಅದರ ಅಗತ್ಯವಿಲ್ಲ. ತಮ್ಮ ಮೃತರ ಹೆಸರುಗಳನ್ನು ಬರೆದುಕೊಡಬಯಸುವವರು ಅದೇ ದಿನ ಮಧ್ಯಾಹ್ನದೊಳಗೆ ಕೊಡಬೇಕು. ಗುಳೆ ಹೋದವರ ಹೆಸರುಗಳನ್ನು ಬೇರೆ ಚೀಟಿಯಲ್ಲಿ ಬರೆಯಿರಿ, ಅವರು ಬದುಕಿದ್ದಾರೆ. ಕುರ್ಚಿಗಳು ಸಾಲವು, ಸಾಧ್ಯವಾದವರು ಚಾಪೆ ತನ್ನಿ.